ಒಬ್ಬರೇ ಹೋಗುವ ಪ್ರವಾಸಕ್ಕೆ 7 ಕೆಜಿ ಒಳಗಿನ ಬ್ಯಾಗು: ಯಾವುದನ್ನು ಬಿಡಬೇಕು?

ಮಳೆಬಿಲ್ಲು_22 (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಬ್ಬಳೇ 16 ದಿನದ ಪ್ರವಾಸಕ್ಕೆ ಹೊರಟಿದ್ದೇನೆ. ಮೊದಲ ವಾರ ಬೆಟ್ಟದ ಕಡೆ, ಅಲ್ಲಿ ರಾತ್ರಿ 5 ಡಿಗ್ರಿವರೆಗೆ ಇಳಿಯುತ್ತದೆ. ಆಮೇಲೆ ಸಮುದ್ರ ತೀರ, ಹಗಲು 32 ಡಿಗ್ರಿ, ಜೊತೆಗೆ ಬೆವರು ಆರದಂಥ ಒದ್ದೆ ಹವೆ. ವಿಮಾನ, ರೈಲು, ಬಸ್ಸು ಮೂರರಲ್ಲೂ ಓಡಾಟವಿದೆ. ವಿಮಾನದಲ್ಲಿ ಕ್ಯಾಬಿನ್ ಬ್ಯಾಗಿಗೆ 7 ಕೆಜಿ ಮತ್ತು 55×40×20 ಸೆಂಟಿಮೀಟರ್ ಮಿತಿ. ಚೆಕ್-ಇನ್ ಲಗೇಜ್ ಬೇಡ ಎಂದು ತೀರ್ಮಾನಿಸಿದ್ದೇನೆ.

ಮೈಮೇಲೆ ಹಾಕಿಕೊಳ್ಳುವುದನ್ನು ಬಿಟ್ಟು ಈಗಿನ ಪಟ್ಟಿ ಹೀಗಿದೆ. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ ಬರೆದಿದ್ದೇನೆ:

50 ಲೀಟರ್ ಬ್ಯಾಗು, ಖಾಲಿ: 1.9 ಕೆಜಿ
ಜೀನ್ಸ್ 2: 1.4
ಕಾಟನ್ ಟೀ ಶರ್ಟ್ 6: 1.1
ಉಣ್ಣೆಯ ಸ್ವೆಟರ್, ದಪ್ಪ ಜಾಕೆಟ್: 1.6
ಒಳಉಡುಪು 8 ಜೊತೆ, ಸಾಕ್ಸ್ 7 ಜೊತೆ: 0.8
ಟರ್ಕಿ ಟವೆಲ್: 0.6
ಸೋಪು, ಶಾಂಪೂ, ಕ್ರೀಮು ಇತ್ಯಾದಿ: 0.9
ಲ್ಯಾಪ್‌ಟಾಪ್ ಮತ್ತು ಅದರ ಚಾರ್ಜರ್: 1.8
20,000 ಎಂಎಎಚ್ ಪವರ್ ಬ್ಯಾಂಕ್: 0.4
ಇನ್ನೊಂದು ಜೊತೆ ಶೂ: 0.9

ಒಟ್ಟು 11.4 ಕೆಜಿ. ಔಷಧಿ, ಕಾಗದಪತ್ರ ಇನ್ನೂ ಸೇರಿಲ್ಲ. ಎರಡು ಹವೆಗೂ ಬಟ್ಟೆ ಬೇಕಲ್ಲ ಎಂಬುದೇ ದೊಡ್ಡ ತೊಡಕು. ಮಧ್ಯೆ ಎರಡು ದಿನ ಕೆಲಸ ಮಾಡಬೇಕಿರುವುದರಿಂದ ಲ್ಯಾಪ್‌ಟಾಪ್ ಬಿಡಲು ಆಗುವುದಿಲ್ಲ. ಎಲ್ಲಿಂದ ಕತ್ತರಿಸಲಿ?

---

ಕಡಿಮೆ_ಸಾಮಾನು:

ತೂಗಿ ಬರೆದದ್ದು ಬಹಳ ಒಳ್ಳೆಯದಾಯಿತು. ಅಂದಾಜಿನ ಮೇಲೆ ಕಟ್ಟುವವರು ಸಣ್ಣ ಸಾಮಾನು ಕಿತ್ತು ಹಾಕಿ ದೊಡ್ಡದನ್ನು ಹಾಗೇ ಇಟ್ಟುಕೊಳ್ಳುತ್ತಾರೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಮುರಿದರೆ ಉಳಿಯುವುದು ಐದಾರು ಗ್ರಾಂ. ಬ್ಯಾಗು ಬದಲಿಸಿದರೆ ಉಳಿಯುವುದು 800 ಗ್ರಾಂ.

ಮೊದಲು ಒಂದು ಮಾತು. ಒಬ್ಬರೇ ಹೋಗುವಾಗ ಅಳತೆಗೋಲು ಬರೀ ಕೆಜಿ ಅಲ್ಲ. ಜೊತೆಗೆ ಯಾರಾದರೂ ಇದ್ದರೆ ಬ್ಯಾಗು ಅವರ ಹತ್ತಿರ ಬಿಟ್ಟು ಶೌಚಾಲಯಕ್ಕೆ, ಟಿಕೆಟ್ ಸಾಲಿಗೆ ಹೋಗಬಹುದು. ಒಬ್ಬರೇ ಇದ್ದರೆ ಬ್ಯಾಗು ಎಲ್ಲ ಕಡೆಗೂ ನಿಮ್ಮ ಜೊತೆಯೇ ಬರಬೇಕು, ಕಿರಿದಾದ ಶೌಚಾಲಯದ ಒಳಗೂ. ರೈಲಿನಲ್ಲಿ ಮೇಲಿನ ತಟ್ಟೆಗೆ ನೀವೇ ಎತ್ತಿ ಇಡಬೇಕು. ಆದ್ದರಿಂದ ಬ್ಯಾಗು ತುಂಬಿದ ಮೇಲೆ ಹೀಗೆ ಪರೀಕ್ಷಿಸಿ: ಹೆಗಲಿಗೆ ಹಾಕಿ ಎರಡು ಕಿಲೋಮೀಟರ್ ನಡೆಯಿರಿ, ಮೂರು ಮಹಡಿ ಹತ್ತಿ, ಆಮೇಲೆ ಯಾರ ಸಹಾಯವೂ ಇಲ್ಲದೆ ತಲೆಯ ಮೇಲಕ್ಕೆ ಎತ್ತಿ ಐದು ಸೆಕೆಂಡ್ ಹಿಡಿಯಿರಿ. ಇದರಲ್ಲಿ ತೇರ್ಗಡೆಯಾಗದ ಬ್ಯಾಗು 7 ಕೆಜಿ ಇದ್ದರೂ ನಿಮಗೆ ಭಾರವೇ.

ಈಗ ಪಟ್ಟಿಗೆ ಬರೋಣ.

ಬ್ಯಾಗು. 50 ಲೀಟರ್ ಬೇಡ. ಜಾಗ ಇದ್ದಷ್ಟೂ ಸಾಮಾನು ಸೇರುತ್ತದೆ, ಅಲ್ಲದೆ ನಿಮ್ಮ ವಿಮಾನದ ಅಳತೆಗೂ ಅದು ಕೂರುವುದಿಲ್ಲ. 30ರಿಂದ 35 ಲೀಟರಿನ, ಸೂಟ್‌ಕೇಸಿನಂತೆ ಪೂರ್ತಿ ಬಿಚ್ಚಿಕೊಳ್ಳುವ ಬ್ಯಾಗು ನೋಡಿ. ಖಾಲಿ ತೂಕ 1.1 ಕೆಜಿ ಸುತ್ತ ಇರಲಿ. ಮೇಲಿನಿಂದ ಮಾತ್ರ ತೆರೆಯುವ ಚೀಲದಲ್ಲಿ ತಳದ ಸಾಕ್ಸ್ ಬೇಕೆಂದರೆ ಎಲ್ಲವನ್ನೂ ಹೊರಗೆ ಸುರಿಯಬೇಕಾಗುತ್ತದೆ. ಹಲವರು ಉಳಿದುಕೊಳ್ಳುವ ಕೋಣೆಯಲ್ಲಿ ಅದು ತಾಪತ್ರಯ.

ಜೀನ್ಸ್ ಎರಡನ್ನೂ ಬಿಡಿ. ಒಂದರ ತೂಕ 700 ಗ್ರಾಂ, ಒಗೆದರೆ ಒದ್ದೆ ಹವೆಯಲ್ಲಿ ಎರಡು ದಿನವಾದರೂ ಸೊಂಟದ ಪಟ್ಟಿ, ಜೇಬು ಒಣಗುವುದಿಲ್ಲ. ತೆಳು ನೈಲಾನ್ ಪ್ಯಾಂಟು 300 ಗ್ರಾಂ ಆಸುಪಾಸು ಇರುತ್ತದೆ. ಅಂಥದ್ದೊಂದು ಮೈಮೇಲೆ, ಒಂದು ಬ್ಯಾಗಿನಲ್ಲಿ. ಚಳಿಗೆ ಪ್ಯಾಂಟು ದಪ್ಪ ಇರಬೇಕಿಲ್ಲ, ಒಳಗೆ ಥರ್ಮಲ್ (ಮೈಗಂಟುವ ಬೆಚ್ಚನೆಯ ಒಳಬಟ್ಟೆ) ಹಾಕಿದರೆ ಸಾಕು.

ಟೀ ಶರ್ಟ್ ಮೂರೇ ಸಾಕು: ಒಂದು ಮೈಮೇಲೆ, ಎರಡು ಬ್ಯಾಗಿನಲ್ಲಿ. ಬಟ್ಟೆಯ ಲೆಕ್ಕ ಪ್ರವಾಸ ಎಷ್ಟು ದಿನ ಎಂಬುದರ ಮೇಲೆ ನಿಲ್ಲುವುದಿಲ್ಲ, ಒಂದು ಸಲ ಒಗೆದ ಮೇಲೆ ಮತ್ತೆ ಎಷ್ಟು ದಿನಕ್ಕೆ ಒಗೆಯುತ್ತೀರಿ ಎಂಬುದರ ಮೇಲೆ ನಿಲ್ಲುತ್ತದೆ. ಎರಡು ದಿನಕ್ಕೊಮ್ಮೆ ಒಗೆದರೆ 16 ದಿನಕ್ಕೂ 60 ದಿನಕ್ಕೂ ಅದೇ ಮೂರು ಶರ್ಟು.

ಯಾವ ಬಟ್ಟೆ ಎಂಬುದು ಇಲ್ಲಿ ಮುಖ್ಯ. ಮೆರಿನೊ ಉಣ್ಣೆ ಮೂರು ನಾಲ್ಕು ದಿನ ಹಾಕಿದರೂ ಅಷ್ಟಾಗಿ ವಾಸನೆ ಹಿಡಿಯುವುದಿಲ್ಲ. ಆದರೆ ಒಣಗುವುದು ಪಾಲಿಯೆಸ್ಟರಿಗಿಂತ ನಿಧಾನ, ತೆಳು ನೇಯ್ಗೆಯದಾದರೆ ಬ್ಯಾಗಿನ ಪಟ್ಟಿ ಉಜ್ಜುವ ಕಡೆ ತೂತು ಬೀಳುತ್ತದೆ. ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆದರೆ ಮೈಯ ಜಿಡ್ಡು ಆ ನೂಲಿಗೆ ಅಂಟಿಕೊಳ್ಳುವುದರಿಂದ ಒಂದೇ ದಿನಕ್ಕೆ ಕಂಕುಳಲ್ಲಿ ವಾಸನೆ ಶುರು. ಹತ್ತಿ ಹಾಕಿಕೊಳ್ಳಲು ಹಿತ, ಆದರೆ ಬೆವರು ಕುಡಿದು ಭಾರವಾಗುತ್ತದೆ, ಚಳಿಯಲ್ಲಿ ಒದ್ದೆಯಾದರೆ ಮೈ ತಣ್ಣಗಾಗುತ್ತದೆ. ನಿಮ್ಮ ದಾರಿಗೆ ಒಂದು ಮೆರಿನೊ, ಎರಡು ತೆಳು ಪಾಲಿಯೆಸ್ಟರ್ ಸರಿಹೊಂದುತ್ತದೆ. ಬೆಟ್ಟದಲ್ಲಿ ಮೆರಿನೊ ಹೆಚ್ಚು, ತೀರದಲ್ಲಿ ಉಳಿದೆರಡು ಹೆಚ್ಚು.

ಚಳಿಯ ಬಟ್ಟೆ. ನಿಮ್ಮ ಸ್ವೆಟರ್ ಮತ್ತು ದಪ್ಪ ಜಾಕೆಟ್ ಎರಡೂ ಒಂದೇ ಕೆಲಸ ಮಾಡುತ್ತವೆ, ಗಾಳಿ ಮಳೆ ತಡೆಯುವುದು ಯಾವುದೂ ಇಲ್ಲ. ಅದರ ಬದಲು ಪದರ ಮಾಡಿಕೊಳ್ಳಿ. ಥರ್ಮಲ್ ಅಂಗಿ, ಪ್ಯಾಂಟು ಸೇರಿ 350 ಗ್ರಾಂ, ತೆಳು ಫ್ಲೀಸ್ (ಉಣ್ಣೆಯಂತೆ ಮೆತ್ತಗಿನ ಪಾಲಿಯೆಸ್ಟರ್ ಮೇಲಂಗಿ) 300 ಗ್ರಾಂ, ಮಳೆ ಗಾಳಿ ತಡೆಯುವ ಹಗುರ ಜಾಕೆಟ್ 300 ಗ್ರಾಂ. ಒಟ್ಟು 950 ಗ್ರಾಂ. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಹೊರಗಿನ ಜಾಕೆಟ್ ಆ ಗಾಳಿ ಹಾರಿಹೋಗದಂತೆ ತಡೆಯುತ್ತದೆ. ನಡೆಯುವಾಗ 5 ಡಿಗ್ರಿಗೆ ಟೀ ಶರ್ಟ್, ಫ್ಲೀಸ್, ಜಾಕೆಟ್ ಸಾಕಾಗುತ್ತದೆ. ನಿಂತಾಗ, ಬಸ್ಸಿಗೆ ಕಾಯುವಾಗ ಥರ್ಮಲ್ ಸೇರಿಸಿ. ಥರ್ಮಲ್ ರಾತ್ರಿ ಮಲಗುವ ಉಡುಪೂ ಆಗುತ್ತದೆ. ಹಕ್ಕಿಗರಿ ತುಂಬಿದ ಡೌನ್ ಜಾಕೆಟ್ ಫ್ಲೀಸಿಗಿಂತ ಹೆಚ್ಚು ಬೆಚ್ಚಗೆ, ಚಿಕ್ಕದಾಗಿ ಮಡಚಿಕೊಳ್ಳುತ್ತದೆ. ಆದರೆ ನೆಂದರೆ ಗರಿಗಳು ಮುದ್ದೆಯಾಗಿ ಬೆಚ್ಚಗಿಡುವ ಗುಣ ಹೋಗುತ್ತದೆ. ನಿಮ್ಮ ತಾಪಮಾನಕ್ಕೆ ಅದರ ಅಗತ್ಯ ಕಾಣಿಸುವುದಿಲ್ಲ.

ತೀರಕ್ಕೆ ಇಳಿದ ಮೇಲೆ ಈ 950 ಗ್ರಾಂ ಸುಮ್ಮನೆ ಹೊರಬೇಕಾಗುತ್ತದೆ, ನಿಜ. ಫ್ಲೀಸನ್ನು ಬಟ್ಟೆಯ ಚೀಲಕ್ಕೆ ತುರುಕಿ ಬಸ್ಸಿನಲ್ಲಿ ತಲೆದಿಂಬು ಮಾಡಿಕೊಳ್ಳಿ. ಪಾರ್ಸೆಲ್ ಮಾಡಿ ಮನೆಗೆ ಕಳಿಸುವ ಯೋಚನೆ ಬೇಡ. ಹೊರಗಿನ ಜಾಕೆಟ್ ತೀರದ ಮಳೆಗೂ ಬೇಕು, ಅದನ್ನು ಬಿಟ್ಟರೆ ಕಳಿಸಲು ಉಳಿಯುವುದು 650 ಗ್ರಾಂ ಅಷ್ಟೇ.

ಒಳಉಡುಪು ನಾಲ್ಕು, ಸಾಕ್ಸ್ ಮೂರು ಜೊತೆ, ಮೈಮೇಲಿನದೂ ಸೇರಿ. ಬ್ಯಾಗಿನೊಳಗೆ 300 ಗ್ರಾಂ. ಟರ್ಕಿ ಟವೆಲ್ ಬದಲು ತೆಳು ನೇಯ್ಗೆಯ ಹತ್ತಿ ಟವೆಲು 200 ಗ್ರಾಂ. ಮೈಕ್ರೋಫೈಬರ್ ಇನ್ನೂ ಹಗುರ, ಆದರೆ ಸರಿಯಾಗಿ ಒಣಗಿಸದೆ ಮಡಚಿದರೆ ಬೇಗ ವಾಸನೆ ಬರುತ್ತದೆ, ಮೈಗೆ ಹಿತವಾಗಿಯೂ ಇರುವುದಿಲ್ಲ. ಶೂ ಕಾಲಿಗೆ, ಬ್ಯಾಗಿನಲ್ಲಿ 400 ಗ್ರಾಂ ಒಳಗಿನ ಸ್ಯಾಂಡಲ್. ಹಿಮ್ಮಡಿಗೆ ಪಟ್ಟಿ ಇರುವುದನ್ನೇ ಆರಿಸಿ. ಶೂ ನೆಂದ ದಿನ ಅದರಲ್ಲೇ ಇಡೀ ದಿನ ನಡೆಯಬೇಕಾಗುತ್ತದೆ.

ಸೋಪು ಶಾಂಪೂ 400 ಗ್ರಾಂಗೆ ಇಳಿಸಿ, ಲ್ಯಾಪ್‌ಟಾಪ್ ಮತ್ತು ಚಾರ್ಜರ್ 1.6, ಪವರ್ ಬ್ಯಾಂಕ್ 0.2. ಇವುಗಳ ವಿವರ ಬೇರೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ಕೂಡಿದರೆ 5.7 ಕೆಜಿ. ಔಷಧಿ, ಕಾಗದಪತ್ರಕ್ಕೆ 400 ಗ್ರಾಂ ಸೇರಿಸಿದರೂ 6.1. ಉಳಿದ 900 ಗ್ರಾಂ ತುಂಬಲು ಹೋಗಬೇಡಿ. ವಿಮಾನ ನಿಲ್ದಾಣದ ತಕ್ಕಡಿ ನಿಮ್ಮ ತಕ್ಕಡಿಗಿಂತ ನೂರಿನ್ನೂರು ಗ್ರಾಂ ಹೆಚ್ಚು ತೋರಿಸಬಹುದು. ದಾರಿಯಲ್ಲಿ ತಿನ್ನಲು ಏನಾದರೂ ಕೊಂಡರೆ ಅದಕ್ಕೂ ಜಾಗ ಬೇಕು.

---

ತಂತಿ_ತಕರಾರು:

ವಿದ್ಯುತ್ ಸಾಮಾನಿನ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಲ್ಯಾಪ್‌ಟಾಪ್ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುತ್ತದೆಯೇ ನೋಡಿ. ಆಗುವುದಾದರೆ ಅದರ ಜೊತೆ ಬಂದ ದೊಡ್ಡ ಚಾರ್ಜರ್ ಬಿಟ್ಟು, ಎರಡು ತೂತಿರುವ 65 ವ್ಯಾಟ್ ಗ್ಯಾನ್ (ಗ್ಯಾಲಿಯಂ ನೈಟ್ರೈಡ್ ಬಳಸಿದ, ಚಿಕ್ಕ ಗಾತ್ರದ) ಚಾರ್ಜರ್ ಒಂದನ್ನೇ ಒಯ್ಯಿರಿ. ಸುಮಾರು 120 ಗ್ರಾಂ, ಫೋನಿಗೂ ಅದೇ. ಎರಡೂ ತೂತು ಬಳಸಿದಾಗ ಶಕ್ತಿ ಹಂಚಿಹೋಗಿ ಲ್ಯಾಪ್‌ಟಾಪ್ ನಿಧಾನ ಚಾರ್ಜ್ ಆಗುತ್ತದೆ, ಅದು ದೋಷವಲ್ಲ. ಕೇಬಲ್ ಎರಡು ಇರಲಿ. ಈ ಇಡೀ ವ್ಯವಸ್ಥೆಯಲ್ಲಿ ಮೊದಲು ಕೆಡುವುದು ಕೇಬಲ್ಲೇ, ತಲೆಯ ಹತ್ತಿರ ಒಳಗಿನ ತಂತಿ ಮುರಿದು. 30 ಗ್ರಾಂ ಹೆಚ್ಚಾದರೂ ಇದು ದಂಡವಲ್ಲ. 60 ವ್ಯಾಟ್‌ಗಿಂತ ಹೆಚ್ಚು ಬೇಕಾದರೆ ಕೇಬಲ್ ಮೇಲೆ 100 ವ್ಯಾಟ್ ಅಥವಾ ಅದಕ್ಕಿಂತ ಹೆಚ್ಚು ಎಂದು ನಮೂದಾಗಿರಬೇಕು, ಇಲ್ಲದಿದ್ದರೆ ಚಾರ್ಜರ್ 60ಕ್ಕೇ ನಿಲ್ಲಿಸುತ್ತದೆ.

ಬೇರೆ ದೇಶವಾದರೆ ಪ್ಲಗ್ ಅಡಾಪ್ಟರ್ ಬೇಕು. ಅಡಾಪ್ಟರ್ ಪ್ಲಗ್ಗಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜ್ ಬದಲಿಸುವುದಿಲ್ಲ. ಸಾಧನದ ಮೇಲೆ 100–240 ವೋಲ್ಟ್ ಎಂದಿದ್ದರೆ ಎಲ್ಲೂ ತೊಂದರೆಯಿಲ್ಲ. ಕೂದಲು ಒಣಗಿಸುವ ಯಂತ್ರದಲ್ಲಿ ಬಹಳ ಸಲ ಹಾಗಿರುವುದಿಲ್ಲ. ಅದನ್ನು ಮನೆಯಲ್ಲೇ ಬಿಡಿ.

ಪವರ್ ಬ್ಯಾಂಕ್ ವಿಮಾನದಲ್ಲಿ ಕ್ಯಾಬಿನ್ನಿನಲ್ಲೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಕ್ಯಾಬಿನ್ನಿನಲ್ಲಿ ಆರಿಸಬಹುದು, ಕೆಳಗಿನ ಸಾಮಾನಿನ ಗೂಡಿನಲ್ಲಿ ಕಷ್ಟ. ಸಾಮಾನ್ಯ ಮಿತಿ 100 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಹಿಡಿಯುವ ಶಕ್ತಿಯ ಅಳತೆ). ಲೆಕ್ಕ ಹೀಗೆ: ಎಂಎಎಚ್ ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. ನಿಮ್ಮ 20,000 ಅಂದರೆ 74, 10,000 ಅಂದರೆ 37. ಎರಡೂ ಮಿತಿಯೊಳಗೇ ಇವೆ. ಆದರೆ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲಿ ಕಿತ್ತಿಟ್ಟುಕೊಳ್ಳಬಹುದು, ಅಚ್ಚು ಓದುವಂತಿದೆಯೇ ನೋಡಿಕೊಳ್ಳಿ. ವಿಮಾನದೊಳಗೆ ಅದನ್ನು ಬಳಸುವುದಕ್ಕೆ, ಎಲ್ಲಿಡಬೇಕು ಎಂಬುದಕ್ಕೆ ಕೆಲವು ಸಂಸ್ಥೆಗಳು ಬೇರೆ ನಿಯಮ ಮಾಡಿವೆ, ಹೊರಡುವ ಮುಂಚೆ ಅವರ ಪುಟ ಓದಿ.

10,000 ಸಾಕು. ಪರಿವರ್ತನೆಯಲ್ಲಿ ಒಂದಷ್ಟು ಶಕ್ತಿ ಶಾಖವಾಗಿ ಹೋಗುವುದರಿಂದ 5,000 ಎಂಎಎಚ್ ಫೋನನ್ನು ಅದು ಎರಡು ಸಲ ತುಂಬಿಸುವುದಿಲ್ಲ, ಹೆಚ್ಚೂಕಡಿಮೆ ಒಂದೂವರೆ ಸಲ. ದಿನಕ್ಕೊಮ್ಮೆ ಗೋಡೆಯ ಪ್ಲಗ್ ಸಿಗುವ ಪ್ರವಾಸಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ವಿಮಾನ ತುಂಬಿದ್ದರೆ ಬಾಗಿಲಿನಲ್ಲೇ ನಿಮ್ಮ ಕ್ಯಾಬಿನ್ ಬ್ಯಾಗನ್ನು ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ಆಗ ಪವರ್ ಬ್ಯಾಂಕ್, ಪಾಸ್‌ಪೋರ್ಟ್, ಔಷಧಿ, ಲ್ಯಾಪ್‌ಟಾಪ್ ನಿಮ್ಮ ಕೈಯಲ್ಲಿ ಉಳಿಯಬೇಕು. ಲ್ಯಾಪ್‌ಟಾಪ್ ಬಿಟ್ಟು ಉಳಿದದ್ದನ್ನೆಲ್ಲ ಒಂದೇ ಸಣ್ಣ ಚೀಲದಲ್ಲಿ ಹಾಕಿ ಬ್ಯಾಗಿನ ಮೇಲುಭಾಗದಲ್ಲಿಡಿ. ಸಾಲಿನಲ್ಲಿ ನಿಂತು ಬ್ಯಾಗು ಬಿಚ್ಚಿ ಹುಡುಕುವ ಪ್ರಮೇಯ ಬರುವುದಿಲ್ಲ.

---

ನಕಲು_ಪ್ರತಿ:

ಮೇಲಿನವರು ಕೇಬಲ್ ಎರಡು ಎಂದದ್ದು ಸರಿ. ಒಬ್ಬರೇ ಹೋಗುವಾಗ ಹಗುರವೆಂದರೆ ಎಲ್ಲವೂ ಒಂದೊಂದೇ ಎಂದಲ್ಲ. ಯಾವುದು ಕಳೆದರೆ ಇದ್ದಲ್ಲೇ ಸಿಕ್ಕಿಬೀಳುತ್ತೀರೋ ಅದು ಎರಡಿರಬೇಕು, ಎರಡು ಕಡೆ ಇರಬೇಕು. ಜೊತೆಯವರ ಕಾರ್ಡು, ಜೊತೆಯವರ ಫೋನು ಎಂಬ ಆಸರೆ ನಿಮಗಿಲ್ಲ.

ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡು: ಒಂದು ಮೈಮೇಲೆ, ಒಂದು ಬ್ಯಾಗಿನ ತಳದಲ್ಲಿ. ನಗದನ್ನೂ ಹಾಗೇ ಒಡೆದಿಡಿ. ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿಯ ಪ್ರತಿ ಕಾಗದದಲ್ಲಿ ಎರಡು, ಫೋನಿನಲ್ಲಿ ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಒಂದು.

ಫೋನು ಹೋದರೆ ಏನಾಗುತ್ತದೆ ಎಂಬುದನ್ನು ಹೊರಡುವ ಮೊದಲೇ ಯೋಚಿಸಿ. ಸಿಮ್ ಹೋದರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಇಮೇಲೂ ತೆರೆಯುವುದಿಲ್ಲ, ಇಮೇಲ್ ಇಲ್ಲದೆ ಟಿಕೆಟ್ಟೂ ಸಿಗುವುದಿಲ್ಲ. ಆದ್ದರಿಂದ ಇಮೇಲ್ ಖಾತೆಯ ಬ್ಯಾಕಪ್ ಕೋಡುಗಳನ್ನು (ಒಟಿಪಿಯ ಬದಲು ಬಳಸುವ ಕೋಡುಗಳು) ಕಾಗದದ ಮೇಲೆ ಬರೆದು, ಯಾವ ಖಾತೆಯದೆಂದು ನಮೂದಿಸದೆ, ತಳದ ಕಾರ್ಡಿನ ಜೊತೆ ಇಡಿ. ಮುಂದಿನ ಎರಡು ತಂಗುದಾಣಗಳ ವಿಳಾಸ, ಮನೆಯವರ ಮೂರು ನಂಬರು, ಬ್ಯಾಂಕಿನ ಕಾರ್ಡು ನಿಲ್ಲಿಸುವ ನಂಬರು ಅದೇ ಕಾಗದದಲ್ಲಿರಲಿ. ಹಳೆಯ ಫೋನು ಕೆಲಸ ಮಾಡುವಂತಿದ್ದರೆ ಒಯ್ಯಿರಿ. 150ರಿಂದ 180 ಗ್ರಾಂ, ಆದರೆ ನಿಮ್ಮ ಪಟ್ಟಿಯಲ್ಲಿ ಅದರಷ್ಟು ಬೆಲೆಬಾಳುವ ತೂಕ ಇನ್ನೊಂದಿಲ್ಲ. ಇ-ಸಿಮ್ (ಫೋನಿನೊಳಗೇ ಅಡಕವಾದ ಸಿಮ್) ಬಳಸುವವರು ಗಮನಿಸಿ: ಫೋನು ಒಡೆದುಹೋದರೆ ಪ್ಲಾಸ್ಟಿಕ್ ಸಿಮ್ಮನ್ನು ತೆಗೆದು ಇನ್ನೊಂದಕ್ಕೆ ಹಾಕಬಹುದು, ಇ-ಸಿಮ್ಮನ್ನು ಹಾಗೆ ಕಿತ್ತು ಹಾಕಲಾಗದು. ಬ್ಯಾಂಕಿನ ಒಟಿಪಿ ಬರುವ ನಂಬರಾದರೂ ಪ್ಲಾಸ್ಟಿಕ್ ಸಿಮ್ಮಿನಲ್ಲಿರಲಿ.

ಕನ್ನಡಕ ಹಾಕುವವರಾದರೆ ಇನ್ನೊಂದು ಜೊತೆ ಕನ್ನಡಕ, ಪವರ್ ಬರೆದ ಚೀಟಿ.

---

ಮಳೆಬಿಲ್ಲು_22:

ಇಷ್ಟು ವಿವರ ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಮೂರೇ ಶರ್ಟು ಎನ್ನುವುದು ಒಪ್ಪಿಗೆ, ಆದರೆ ಆ ಒದ್ದೆ ಹವೆಯಲ್ಲಿ ಒಗೆದದ್ದು ಬೆಳಿಗ್ಗೆಯೊಳಗೆ ಒಣಗುತ್ತದೆಯೇ? ಒಣಗದಿದ್ದರೆ ಈ ಲೆಕ್ಕ ಪೂರ್ತಿ ಕುಸಿಯುತ್ತದೆ. ಇನ್ನೊಂದು, ಮಧ್ಯದಲ್ಲಿ ಮುಟ್ಟು ಬರುತ್ತದೆ. ಅದಕ್ಕೆ ಬೇಕಾದ್ದೂ ಇದರಲ್ಲೇ ಸೇರಬೇಕು.

---

ಹಿಂಡಿ_ಹರವಿ:

ಒಣಗುತ್ತದೆ, ಆದರೆ ಒಗೆಯುವುದಕ್ಕಿಂತ ಹಿಂಡುವುದರಲ್ಲಿ ಅದರ ಗುಟ್ಟಿದೆ.

ಕೋಣೆ ಸೇರಿದ ತಕ್ಷಣ ಒಗೆಯಿರಿ, ಮಲಗುವ ಮುಂಚೆ ಅಲ್ಲ. ಆ ನಾಲ್ಕು ಗಂಟೆಯೇ ಬೆಳಿಗ್ಗೆ ಒಣಗಿದ ಶರ್ಟಿಗೂ ತೇವದ ಶರ್ಟಿಗೂ ಇರುವ ಅಂತರ. ಮರುದಿನ ಊರು ಬಿಡುವುದಿದ್ದರೆ ಆ ಸಂಜೆ ಒಗೆಯಲೇ ಬೇಡಿ.

ಬೇಸಿನ್ ಅಥವಾ ಬಕೆಟ್‌ನಲ್ಲಿ ನಾಲ್ಕೈದು ಲೀಟರ್ ನೀರು, ಒಂದು ಚಹಾ ಚಮಚದಷ್ಟು ಪುಡಿ. ಬೇಸಿನ್ನಿಗೆ ಮುಚ್ಚಳ ಇಲ್ಲದಿರುವುದು ಸಾಮಾನ್ಯ; ಎಲ್ಲ ತೂತಿಗೂ ಕೂರುವ ಚಪ್ಪಟೆ ರಬ್ಬರ್ ಮುಚ್ಚಳ ಸಿಗುತ್ತದೆ, ಇಲ್ಲವಾದರೆ ಸಾಕ್ಸ್ ಸುತ್ತಿ ತುರುಕಿ. ಪುಡಿ ಹೆಚ್ಚು ಹಾಕಿದರೆ ಹೆಚ್ಚು ಶುಚಿಯಾಗುವುದಿಲ್ಲ. ಅಷ್ಟು ಕಡಿಮೆ ನೀರಿನಲ್ಲಿ ಅದನ್ನು ತೆಗೆಯಲಾಗದೆ ಬಟ್ಟೆ ಒರಟಾಗಿ ಮೈ ಕೆರೆಯುತ್ತದೆ. ಹತ್ತು ನಿಮಿಷ ನೆನೆಸಿ, ಕಾಲರ್, ಕಂಕುಳು, ಸಾಕ್ಸಿನ ಬೆರಳಿನ ಭಾಗ ಮಾತ್ರ ಉಜ್ಜಿ, ಎರಡು ನೀರಿನಲ್ಲಿ ಜಾಲಾಡಿಸಿ.

ಆಮೇಲೆ ಕೈಯಲ್ಲಿ ಹಿಂಡಿ, ಒಣ ಟವೆಲನ್ನು ನೆಲಕ್ಕೆ ಹಾಸಿ, ಶರ್ಟನ್ನು ಅದರ ಮೇಲೆ ಚಪ್ಪಟೆಯಾಗಿ ಹರವಿ. ಎರಡನ್ನೂ ಸೇರಿಸಿ ಬಿಗಿಯಾಗಿ ಸುರುಳಿ ಸುತ್ತಿ ಅದರ ಮೇಲೆ ಹತ್ತಿ ನಿಲ್ಲಿ, ಒಂದು ತುದಿಯಿಂದ ಇನ್ನೊಂದಕ್ಕೆ ಹೆಜ್ಜೆಯಿಡಿ. ಕೈಯಿಂದ ಹೋಗದ ನೀರು ಟವೆಲಿಗೆ ಇಳಿಯುತ್ತದೆ. ತಂಗುವ ಕಡೆ ಟವೆಲು ಕೊಡುತ್ತಿದ್ದರೆ ಅದನ್ನೇ ಬಳಸಿ, ನಿಮ್ಮದು ಒಣಗಿಯೇ ಇರಲಿ. ಮೆರಿನೊವನ್ನು ತಿರುಚಿ ಹಿಂಡಬಾರದು, ಆಕಾರ ಕೆಡುತ್ತದೆ. ಬಿಸಿ ನೀರೂ ಬೇಡ.

ಒಣಗಿಸುವುದು ಬಚ್ಚಲಲ್ಲಿ ಅಲ್ಲ. ಒಣಗಲು ಬೇಕಾದ್ದು ಬಿಸಿಗಿಂತ ಹೆಚ್ಚಾಗಿ ಓಡಾಡುವ ಗಾಳಿ. ಫ್ಯಾನಿನ ಕೆಳಗೆ, ಹ್ಯಾಂಗರಿನಲ್ಲಿ, ಶರ್ಟಿನ ಎದುರು ಬೆನ್ನು ಒಂದಕ್ಕೊಂದು ಅಂಟದಂತೆ ತೂಗುಹಾಕಿ. ಏರ್ ಕಂಡಿಷನರ್ ಇದ್ದರೆ ಇನ್ನೂ ಒಳ್ಳೆಯದು, ಅದು ಗಾಳಿಯ ತೇವವನ್ನೇ ತೆಗೆಯುತ್ತದೆ. ಹೀಗೆ ಮಾಡಿದರೆ ತೆಳು ಪಾಲಿಯೆಸ್ಟರ್ ರಾತ್ರಿಯೊಳಗೆ ಆರಾಮವಾಗಿ ಒಣಗುತ್ತದೆ. ಮೆರಿನೊ ತೀರದಲ್ಲಿ ಒಮ್ಮೊಮ್ಮೆ ಮಧ್ಯಾಹ್ನದವರೆಗೂ ತೆಗೆದುಕೊಳ್ಳಬಹುದು, ದಪ್ಪ ಸಾಕ್ಸ್ ಅದಕ್ಕಿಂತ ನಿಧಾನ. ಅದಕ್ಕೇ ತೀರಕ್ಕೆ ತೆಳು ಸಾಕ್ಸ್ ಎರಡು ಜೊತೆ, ಬೆಟ್ಟಕ್ಕೆ ದಪ್ಪದ್ದು ಒಂದು ಜೊತೆ ಎಂದು ಹಂಚಿಕೊಳ್ಳಿ.

ಸ್ವಲ್ಪ ತೇವ ಉಳಿದರೂ ಮಡಚಿ ಒಳಗಿಡಬೇಡಿ. ಬ್ಯಾಕ್ಟೀರಿಯಾ ಬೆಳೆದು ಮುಗ್ಗಲು ವಾಸನೆ ಹಿಡಿಯುತ್ತದೆ, ಒಮ್ಮೆ ಹಿಡಿದರೆ ಬೇಸಿನ್ ಒಗೆತಕ್ಕೆ ಅದು ಹೋಗುವುದು ಕಷ್ಟ. ಬ್ಯಾಗಿನ ಹೊರಗೆ ಪಿನ್ನಿನಿಂದ ಸಿಕ್ಕಿಸಿಕೊಂಡು ನಡೆಯಿರಿ, ಅಥವಾ ಮೈಮೇಲೆ ಹಾಕಿಕೊಂಡುಬಿಡಿ. ತೆಳು ಶರ್ಟಾದರೆ ಮೈಯ ಶಾಖಕ್ಕೇ ಆರಿಹೋಗುತ್ತದೆ. ಬೆಟ್ಟದ ಚಳಿಯಲ್ಲಿ ಮಾತ್ರ ಹಾಗೆ ಮಾಡಬೇಡಿ.

---

ಹೂಬಳ್ಳಿ:

ಮುಟ್ಟಿನ ಕಪ್ 20 ಗ್ರಾಂ ಒಳಗೇ ಇರುತ್ತದೆ, ಜಾಗದ ದೃಷ್ಟಿಯಿಂದ ಅದಕ್ಕೆ ಸಾಟಿಯಿಲ್ಲ. ಆದರೆ ನೀವು ಈವರೆಗೆ ಬಳಸಿಲ್ಲವಾದರೆ ಮೊದಲ ಸಲ ಪ್ರವಾಸದಲ್ಲಿ ಬೇಡ. ಸರಿಯಾಗಿ ಕೂರಿಸಲು, ಸೋರದಂತೆ ತಿಳಿಯಲು ಎರಡು ಮೂರು ತಿಂಗಳಾದರೂ ಬೇಕಾಗುತ್ತದೆ. ಅಭ್ಯಾಸವಿದ್ದರೆ, ತಯಾರಕರು ಹೇಳಿದ ಅವಧಿ ಮೀರದಂತೆ ಖಾಲಿ ಮಾಡಿ. ಬಹಳಷ್ಟು ಕಪ್‌ಗಳಿಗೆ ಅದು 8ರಿಂದ 12 ಗಂಟೆ. ಸಾರ್ವಜನಿಕ ಶೌಚಾಲಯಕ್ಕೆ ನೀರಿನ ಬಾಟಲಿ ಒಳಗೆ ಒಯ್ದು ಅಲ್ಲೇ ತೊಳೆಯಿರಿ. ಮುಟ್ಟು ಮುಗಿದ ಮೇಲೆ ಕುದಿಸಬೇಕು, ಮನೆಗೆ ಬಂದು ಮಾಡಿದರೂ ಆಗುತ್ತದೆ. ಅಲ್ಲಿಯವರೆಗೆ ತೊಳೆದು ಒಣಗಿಸಿ ಬಟ್ಟೆಯ ಚೀಲದಲ್ಲಿಡಿ, ಗಾಳಿಯಾಡದ ಡಬ್ಬಿಯಲ್ಲಿ ಬೇಡ. ಪ್ಯಾಡ್ ಬಳಸುವವರು ಮೊದಲ ಎರಡು ದಿನಕ್ಕೆ ಸಾಕಾಗುವಷ್ಟು ಒಯ್ದು ಉಳಿದದ್ದು ಅಲ್ಲೇ ಕೊಳ್ಳಬಹುದು. ಮುಟ್ಟಿನ ಒಳಉಡುಪು ಒಂದು ಸಾಕು. ಅದರ ಪದರಗಳು ದಪ್ಪ ಇರುವುದರಿಂದ ತೀರದಲ್ಲಿ ಒಣಗಲು ಬಹಳ ಸಮಯ ಹಿಡಿಯುತ್ತದೆ, ಅದೊಂದನ್ನೇ ನಂಬಬೇಡಿ.

ದ್ರವಗಳ ವಿಷಯ. ಬಹುತೇಕ ವಿಮಾನ ನಿಲ್ದಾಣಗಳಲ್ಲಿ 100 ಮಿಲಿ ನಿಯಮ ಲೆಕ್ಕ ಹಾಕುವುದು ಬಾಟಲಿಯ ಅಳತೆಯನ್ನು, ಒಳಗಿರುವುದನ್ನಲ್ಲ. ಕಾಲುಭಾಗ ಉಳಿದ 150 ಮಿಲಿ ಟ್ಯೂಬನ್ನೂ ಕಸದ ಡಬ್ಬಿಗೆ ಹಾಕಿಸುತ್ತಾರೆ. ಟೂತ್‌ಪೇಸ್ಟ್, ಕ್ರೀಮು, ಜೆಲ್ ಎಲ್ಲವೂ ದ್ರವದ ಲೆಕ್ಕಕ್ಕೇ ಬರುತ್ತವೆ. ಹೊಸ ಯಂತ್ರ ಬಂದ ಕೆಲವು ಕಡೆ ನಿಯಮ ಸಡಿಲಾಗಿದೆ, ಆದರೆ ವಾಪಸು ಬರುವ ನಿಲ್ದಾಣದಲ್ಲಿ ಆಗಿರದಿದ್ದರೆ ಪ್ರಯೋಜನವಿಲ್ಲ. ಶಾಂಪೂವನ್ನು ಬಾರ್ ರೂಪದಲ್ಲಿ ಒಯ್ದರೆ ಈ ಲೆಕ್ಕದಿಂದ ಹೊರಗೆ. ಒದ್ದೆಯಾಗಿರುವಾಗಲೇ ಡಬ್ಬಿ ಮುಚ್ಚಿದರೆ ಬಾರ್ ಲೋಳೆಯಾಗುತ್ತದೆ, ಅರ್ಧ ಗಂಟೆ ಗಾಳಿಗಿಟ್ಟು ಮುಚ್ಚಿ. ಟೂತ್‌ಪೇಸ್ಟ್ 30 ಗ್ರಾಂ ಟ್ಯೂಬು 16 ದಿನಕ್ಕೆ ಸರಿಹೋಗುತ್ತದೆ. ಸನ್‌ಸ್ಕ್ರೀನ್ ಮಾತ್ರ ಕಡಿಮೆ ಮಾಡಬೇಡಿ, ತೀರದಲ್ಲಿ 100 ಮಿಲಿ ಪೂರ್ತಿ ಬೇಕಾಗುತ್ತದೆ.

ಬಾಟಲಿ ಸೋರುವುದು ಮುಚ್ಚಳ ಕೆಟ್ಟಿದ್ದಕ್ಕಲ್ಲ. ಮೇಲೆ ಹಾರಿದಾಗ ಕ್ಯಾಬಿನ್ನಿನ ಒತ್ತಡ ಇಳಿದು, ಬಾಟಲಿಯೊಳಗಿನ ಗಾಳಿ ಹಿಗ್ಗಿ ದ್ರವವನ್ನು ಹೊರಗೆ ದೂಡುತ್ತದೆ. ಮುಚ್ಚುವ ಮುಂಚೆ ಬಾಟಲಿಯನ್ನು ಅದುಮಿ ಗಾಳಿ ತೆಗೆಯಿರಿ, ಬಾಯಿಗೆ ತುಂಡು ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ.

ಔಷಧಿ: ನಿತ್ಯ ತೆಗೆದುಕೊಳ್ಳುವ ಮಾತ್ರೆ 16 ದಿನಕ್ಕಲ್ಲ, 20 ದಿನಕ್ಕೆ ಒಯ್ಯಿರಿ. ಸ್ಟ್ರಿಪ್ಪಿನಿಂದ ಬಿಡಿಸಬೇಡಿ, ಕತ್ತರಿಸುವುದಾದರೆ ಹೆಸರು, ಅವಧಿ ಮುಗಿಯುವ ತಾರೀಕು ಇರುವ ಭಾಗ ಉಳಿಸಿಕೊಳ್ಳಿ. ವೈದ್ಯರ ಚೀಟಿಯಲ್ಲಿ ಕಂಪನಿಯ ಹೆಸರಲ್ಲದೆ ಔಷಧಿಯ ಮೂಲ ಹೆಸರೂ ಇರಬೇಕು, ಬೇರೆ ಊರಿನ ಅಂಗಡಿಯವರಿಗೆ ತಿಳಿಯುವುದು ಅದೇ. ಕೋಡೀನ್ ಇರುವ ಕೆಮ್ಮಿನ ಔಷಧಿ, ಸ್ಯೂಡೋಎಫೆಡ್ರಿನ್ ಇರುವ ಶೀತದ ಮಾತ್ರೆಗೆ ಕೆಲವು ದೇಶಗಳಲ್ಲಿ ನಿರ್ಬಂಧವಿದೆ. ಇದರ ಜೊತೆ ಪ್ಯಾರಾಸಿಟಮಾಲ್ 10, ಒಂದು ಲೀಟರ್ ನೀರಿಗೆ ಬೆರೆಸುವ ಓಆರ್‌ಎಸ್ 4 ಪೊಟ್ಟಣ, ಗಾಯದ ಪಟ್ಟಿ, ಹಿಮ್ಮಡಿಗೆ ಅಂಟಿಸುವ ಟೇಪು. ಟೇಪು ಹಚ್ಚಬೇಕಾದ್ದು ಚರ್ಮ ಕೆಂಪಾದಾಗ, ಗುಳ್ಳೆ ಎದ್ದ ಮೇಲಲ್ಲ. ಓಆರ್‌ಎಸ್ ಬಿಡಬೇಡಿ: ಭೇದಿ ಹತ್ತಿದ ರಾತ್ರಿ ಅಂಗಡಿಗೆ ಹೋಗಿ ತರಲು ಜೊತೆಗೆ ಯಾರೂ ಇರುವುದಿಲ್ಲ.

---

ಬೆನ್ನಹೊರೆ:

ಬ್ಯಾಗಿನ ಬಗ್ಗೆ ಒಂದೆರಡು ತಕರಾರು. ಲೀಟರ್ ಮತ್ತು ತೂಕ ನೋಡಿ ಕೊಳ್ಳುವ ಮುಂಚೆ ಬೆನ್ನಿನ ಉದ್ದ ಅಳೆಯಿರಿ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಎದ್ದು ಕಾಣುವ ಮೂಳೆಯಿಂದ, ಸೊಂಟದ ಎರಡೂ ಕಡೆಯ ಮೂಳೆಯ ಮೇಲುತುದಿಗೆ ಗೆರೆ ಎಳೆದರೆ ಬೆನ್ನಿಗೆ ತಾಗುವ ಜಾಗದವರೆಗೆ. ಬ್ಯಾಗು ಇದಕ್ಕಿಂತ ಉದ್ದವಾದರೆ ಸೊಂಟದ ಪಟ್ಟಿ ಪೃಷ್ಠದ ಮೇಲೆ ಕೂತು ಇಡೀ ಭಾರ ಹೆಗಲಿಗೆ ಬೀಳುತ್ತದೆ.

6 ಕೆಜಿಗೆ ದಪ್ಪ ಸೊಂಟದ ಪಟ್ಟಿ ಬೇಕಿಲ್ಲ. ಎದೆಯ ಪಟ್ಟಿ ಮಾತ್ರ ಇರಲೇಬೇಕು, ಹೆಗಲಿನ ಪಟ್ಟಿಗಳು ಜಾರುವುದನ್ನು ಅದು ತಡೆಯುತ್ತದೆ. ಲ್ಯಾಪ್‌ಟಾಪ್ ಬೆನ್ನಿಗೆ ಒತ್ತಿಕೊಂಡಿರಬೇಕು. ನಿಮ್ಮ ಸಾಮಾನಿನಲ್ಲಿ ಅತಿ ಭಾರದ್ದು ಅದೇ. ಹೊರಗಿನ ಜೇಬಿಗೆ ಹಾಕಿದರೆ ಬ್ಯಾಗು ಹಿಂದಕ್ಕೆ ಎಳೆಯುತ್ತದೆ, ನೀವು ಮುಂದಕ್ಕೆ ಬಾಗಿ ನಡೆಯುತ್ತೀರಿ, ಸಂಜೆ ಹೊತ್ತಿಗೆ ಕುತ್ತಿಗೆ ನೋವು.

ಬ್ಯಾಗಿನ ಮೇಲೆ ಹೊದಿಸುವ ಮಳೆ ಹೊದಿಕೆಯನ್ನು ಪೂರ್ತಿ ನಂಬಬೇಡಿ. ಬೆನ್ನಿನ ಕಡೆ ಅದು ತೆರೆದೇ ಇರುತ್ತದೆ, ಹೆಗಲಿನಿಂದ ಇಳಿದ ನೀರು ಅಲ್ಲಿಂದ ಒಳಗೆ ಹೋಗುತ್ತದೆ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಒಂದನ್ನು ಹಾಕಿ ಬಟ್ಟೆಯೆಲ್ಲ ಅದರೊಳಗಿಟ್ಟು ಬಾಯಿ ತಿರುಚಿ ಮಡಚಿ. 60–70 ಗ್ರಾಂ, ಹೊದಿಕೆಗಿಂತ ಹಗುರ. ಲ್ಯಾಪ್‌ಟಾಪಿಗೆ ಬೇರೆ ಪ್ಲಾಸ್ಟಿಕ್ ಚೀಲ.

ಬಟ್ಟೆ ವಿಂಗಡಿಸುವ ಚಿಕ್ಕ ಚೀಲಗಳು ಎರಡು ಸಾಕು. ಗಾಳಿ ಒತ್ತಿ ತೆಗೆಯುವ ಚೀಲಗಳು ಜಾಗ ಉಳಿಸುತ್ತವೆ, ತೂಕ ಉಳಿಸುವುದಿಲ್ಲ. ಉಳಿದ ಜಾಗಕ್ಕೆ ಮತ್ತೆ ಸಾಮಾನು ತುಂಬಿ 7 ಕೆಜಿ ಮೀರುವವರೇ ಹೆಚ್ಚು.

ಬೆನ್ನುನೋವು ಇರುವವರಿಗೆ ನನ್ನ ಉತ್ತರ ಬೇರೆ. ಚಕ್ರದ ಸೂಟ್‌ಕೇಸ್ ಖಾಲಿಯೇ ಬಹಳ ಸಲ 2.5 ಕೆಜಿ ಇರುವುದರಿಂದ ನಿಮ್ಮ ಮಿತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದಕ್ಕೇ ಹೋಗುತ್ತದೆ, ಮೆಟ್ಟಿಲು, ಕಲ್ಲುಹಾದಿಯಲ್ಲಿ ಎತ್ತಿಕೊಂಡೇ ನಡೆಯಬೇಕು. ಆದರೂ ಬೆನ್ನು ಒಪ್ಪದಿದ್ದರೆ ಅದೇ ಸರಿ, ಆಗ ಲ್ಯಾಪ್‌ಟಾಪನ್ನು ಸಣ್ಣ ಹೆಗಲುಚೀಲಕ್ಕೆ ಹಾಕಿಕೊಳ್ಳಿ.

---

ಮಳೆಬಿಲ್ಲು_22:

ಕೊನೆಯದಾಗಿ ಒಂದು ಪ್ರಶ್ನೆ. ರಾತ್ರಿ ಬಸ್ಸು, ರೈಲಿನಲ್ಲಿ ನಿದ್ದೆ ಬಂದರೆ ಬ್ಯಾಗು ಏನು ಮಾಡುವುದು? ಬೀಗ ಸಾಕೇ?

---

ನಕಲು_ಪ್ರತಿ:

ಬೀಗ ಅವಸರದ ಕೈಯನ್ನು ತಡೆಯುತ್ತದೆ, ಕತ್ತರಿ ಇದ್ದವರನ್ನು ತಡೆಯುವುದಿಲ್ಲ. ಎರಡು ಜಿಪ್ಪಿನ ತಲೆಗಳನ್ನು ಸೇರಿಸಿ ತೆಳು ತಂತಿಯ ಬೀಗ ಹಾಕಿ, ಅದೇ ತಂತಿಯನ್ನು ಸೀಟಿನ ಕಾಲಿಗೆ ಒಂದು ಸುತ್ತು ತನ್ನಿ. 60ರಿಂದ 80 ಗ್ರಾಂ ತೂಕದ್ದು ಸಾಕು. ಬ್ಯಾಗು ನಿಮ್ಮ ತಲೆಯ ನೇರ ಮೇಲಿಡುವ ಬದಲು ಎದುರು ಸಾಲಿನ ಮೇಲೆ, ಕಣ್ಣಿಗೆ ಬೀಳುವಲ್ಲಿಡಿ. ತಲೆಯ ಮೇಲಿದ್ದದ್ದನ್ನು ಯಾರು ಇಳಿಸಿದರೂ ಕಾಣುವುದಿಲ್ಲ. ಬಸ್ಸಿನಲ್ಲಿ ಕೆಳಗಿನ ಡಿಕ್ಕಿಗೆ ಹಾಕದೆ ಕಾಲ ಬಳಿ ಇಟ್ಟು, ಹೆಗಲಿನ ಪಟ್ಟಿಯೊಳಗೆ ಒಂದು ಕಾಲು ತೂರಿಸಿಕೊಂಡು ಮಲಗಿ. 35 ಲೀಟರ್ ಬ್ಯಾಗು ಕಾಲ ಬಳಿ ಹಿಡಿಸುತ್ತದೆ, 50 ಲೀಟರಿನದು ಹಿಡಿಸುವುದಿಲ್ಲ.

ಪಾಸ್‌ಪೋರ್ಟ್, ಫೋನು, ಒಂದು ಕಾರ್ಡು ಬ್ಯಾಗಿನಲ್ಲಿ ಇರಲೇಬಾರದು. ಬಟ್ಟೆಯ ಒಳಗೆ ಸೊಂಟಕ್ಕೆ ಕಟ್ಟುವ ಚಪ್ಪಟೆ ಚೀಲದಲ್ಲಿರಲಿ. ಬೆವರಿಗೆ ಕಾಗದ ನೆನೆಯದಂತೆ ಮೊದಲು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ, ಆಮೇಲೆ ಚೀಲಕ್ಕೆ. ಹಗಲು ಟಿಕೆಟ್ಟಿಗೆ, ಚಹಾಕ್ಕೆ ಬೇಕಾದ ಚಿಲ್ಲರೆ ಬೇರೆ ಜೇಬಿನಲ್ಲಿರಲಿ, ಜನರ ಎದುರು ಆ ಚೀಲ ಬಿಚ್ಚುವ ಸಂದರ್ಭವೇ ಬರಬಾರದು.